ಹೆಬ್ಬೆರಳು ನೆನೆಯುವಷ್ಟು

ಕಾರ್ತೇಜ್, ಕುಂಬಾರರ ಬೀದಿ
ಜಿವ್ ತಿಂಗಳ ಐದನೆಯ ದಿನ

ಅಣ್ಣ ಮುತ್ತುನ್‌ಗೆ,

ಖಾಲಿ ಜಾಡಿಗಳು ಇವತ್ತು ನಿಮ್ಮ ಪಾಳೆಯದ ಕಡೆಗೆ ಹೋಗುವ ಹಡಗು ಹತ್ತಿದವು. ನಾನೂರೂ ಹತ್ತಿದವು. ಹೇಸರಗತ್ತೆಯ ಬೆನ್ನಿಗೆ ಒರಗುವಂತೆ ಒಂದು ಪಕ್ಕ ಚಪ್ಪಟೆ ಇರಲಿ ಎಂದು ನೀನು ಬರೆದಿದ್ದೆಯಲ್ಲ, ಅಪ್ಪ ಹಾಗೇ ಮಾಡಿದ್ದಾನೆ. ಎಲ್ಲ ಜಾಡಿಯ ಹಿಡಿಯ ಮೇಲೂ ನಮ್ಮ ಮೀನಿನ ಮುದ್ರೆ ಇದೆ. ಒತ್ತಿದವಳು ನಾನು. ನಲವತ್ತು ಮೀನುಗಳ ಬಾಲ ಸೊಟ್ಟಗಾಗಿದ್ದರೆ ಅದು ನನ್ನ ಕೈ ಸೋತಿದ್ದರಿಂದ, ಅಪ್ಪನ ತಪ್ಪಲ್ಲ.

ಸೈನ್ಯದವರು ಒಂದೇ ತಿಂಗಳ ಗಡುವು ಕೊಟ್ಟಿದ್ದರು. ಜಾಡಿ ಸುಡಲು ಅಪ್ಪ ಐದು ಸಲ ಆವಿಗೆ ಹೂಡಿದ. ಕೊನೆಯ ಸಲ ಬಾಯಿ ತೆರೆಯುವಾಗ ನನ್ನನ್ನು ಕರೆಯಲಿಲ್ಲ. ನಾನು ಎದ್ದು ಬರುವಷ್ಟರಲ್ಲಿ ಜಾಡಿಗಳು ಅಂಗಳದಲ್ಲಿ ಸಾಲಾಗಿ ನಿಂತಿದ್ದವು, ಮುಟ್ಟಿದರೆ ಕೈ ಸುಡುತ್ತಿತ್ತು.

ಈಗ ನನ್ನ ಪ್ರಶ್ನೆ. ನಿಮ್ಮ ಕಲ್ಲು ಒಡೆಯುವ ತಂಡಕ್ಕೆ ಇಷ್ಟೊಂದು ಹುಳಿಬಿಟ್ಟ ದ್ರಾಕ್ಷಾರಸ ಯಾಕೆ? ಅಪ್ಪನನ್ನು ಕೇಳಿದರೆ, “ಕುಡಿಯೋಕೆ. ನಿನಗ್ಯಾಕೆ?” ಅಂದ. ನನಗೆ ನಂಬಿಕೆ ಬರಲಿಲ್ಲ. ಬಂದರಿನ ಕಲ್ಲುಕುಟಿಗರ ಹತ್ತಿರ ಹೋಗಿ ಕೇಳಿದೆ. ಬಂಡೆಯ ಮೇಲೆ ಬೆಂಕಿ ಹಾಕಿ ಚೆನ್ನಾಗಿ ಕಾಯಿಸಿ, ಆಮೇಲೆ ಹುಳಿರಸ ಸುರಿದರೆ ಅದು ಬಿರಿಯುತ್ತದಂತೆ. ಹಾಗಾದರೆ ನೀವು ಬಂಡೆ ಒಡೆದು ದಾರಿ ಮಾಡುವ ಕಡೆಗೆ ಹೋಗುತ್ತಿದ್ದೀರಿ. ಇಲ್ಲಿಯವರೆಲ್ಲ ಸೇನಾಪತಿ ಹಡಗಿನಲ್ಲೇ ರೋಮಿನ ಮೇಲೆ ಹೋಗುತ್ತಾನೆ ಎನ್ನುತ್ತಾರೆ. ಸಮುದ್ರದಲ್ಲಿ ಯಾವ ಬಂಡೆ ಒಡೆಯುತ್ತೀರಿ? ರೋಮಿನ ಬೆನ್ನ ಹಿಂದೆ ದೊಡ್ಡ ಮಲೆಗಳಿವೆಯಂತೆ. ಅಲ್ಲಿಗೇನಾ? ಆನೆಗಳೂ ಬರುತ್ತವಾ? ಆನೆ ಇಳಿಜಾರಿನಲ್ಲಿ ಹೇಗೆ ಇಳಿಯುತ್ತದೆ, ಮುಂದಿನ ಕಾಲು ಮೊದಲೋ ಹಿಂದಿನದೋ? ನೋಡಿ ಬರೆ.

ಅಲ್ಲಿ ರಸ ತುಂಬಿಸುವಾಗ ನೀನೇ ನಿಂತು ನೋಡಿಕೊ ಎಂದು ಅಪ್ಪ ಹೇಳಿದ್ದಾನೆ. ಜಾಡಿಯ ಬಾಯಿಯೊಳಗೆ ಇಳಿಬಿಟ್ಟ ಹೆಬ್ಬೆರಳು ಗಿಣ್ಣಿನವರೆಗೆ ನೆನೆಯಬೇಕು. ನೆನೆಯದ ಜಾಡಿಗೆ ರಾಳ ಹಚ್ಚಿ ಮುಚ್ಚಲು ಬಿಡಬೇಡ. ಮೀನಿನ ಮುದ್ರೆಯ ಜಾಡಿ ಕಡಿಮೆ ಇತ್ತು ಎಂಬ ಮಾತು ನಮ್ಮ ತಾತನ ಕಾಲದಿಂದ ಯಾರ ಬಾಯಲ್ಲೂ ಬಂದಿಲ್ಲ.

ಎದುರುಮನೆಯ ಬತ್‌ನೋಮ್ ಅತ್ತೆ ನಿನ್ನ ಜೊತೆಗಿರುವ ತನ್ನ ಮಗ ಯಾತೋನ್‌ಗೆ ಉಣ್ಣೆಯ ಟೊಪ್ಪಿಗೆ ಕಳಿಸಿದ್ದಾಳೆ. ಅವನಿಗೆ ಕೊಡು. ನಾನು ಏನೂ ಕಳಿಸಿಲ್ಲ ಎಂದೂ ಹೇಳು.

ನಿನ್ನ ತಂಗಿ,
ಅಕ್ಬೋರಾತ್


ರೋನ್ ನದಿಯ ದಡ
ಎತನೀಮ್ ತಿಂಗಳ ಇಪ್ಪತ್ತನೆಯ ದಿನ

ಇಲಿಮರಿಗೆ,

ಅಮ್ಮ ನಿನಗೆ ಇಲಿಯ ಹೆಸರಿಟ್ಟದ್ದು ಸರಿಯಾಗಿದೆ. ಬಂದರಿನಲ್ಲಿ ಕೂತು ಸೇನಾಪತಿಯ ಗುಟ್ಟನ್ನು ಕೆದಕಿ ತೆಗೆದೆಯಲ್ಲ! ನಿನ್ನ ಪತ್ರವನ್ನು ಆಗಲೇ ಯಾರಾದರೂ ಓದಿದ್ದರೆ ನನ್ನ ಚರ್ಮ ಸುಲಿಯುತ್ತಿದ್ದರು. ಈಗ ಹೇಳಬಹುದು. ರೋಮಿನ ಸವಾರರು ಮೊನ್ನೆ ನಮ್ಮನ್ನು ನೋಡಿ ಓಡಿಹೋದರು, ಇನ್ನು ಗುಟ್ಟು ಉಳಿದಿಲ್ಲ. ಹೌದು, ಮಲೆ ಹತ್ತುತ್ತೇವೆ.

ಆನೆಗಳು ನದಿ ದಾಟಿದ್ದನ್ನು ನೀನು ನೋಡಬೇಕಿತ್ತು. ಮರದ ದಿಮ್ಮಿಗಳ ತೆಪ್ಪ ಕಟ್ಟಿ, ಅದರ ಮೇಲೆ ಮಣ್ಣು ಹರಡಿ, ನೆಲವೇ ಮುಂದಕ್ಕೆ ಹೋದಂತೆ ಮಾಡಿದೆವು. ಮಣ್ಣು ಹದ ಮಾಡಿ ಹರಡಲು ಯಾರನ್ನು ಕರೆದರು ಗೊತ್ತೇ? ಕುಂಬಾರನ ಮಗನನ್ನು. ಮೊದಲು ಎರಡು ಹೆಣ್ಣಾನೆಗಳನ್ನು ನಡೆಸಿದರು. ಗಂಡಾನೆಗಳು ಹಿಂದೆಯೇ ಬಂದವು. ಇಳಿಜಾರಿನ ವಿಷಯ ಇನ್ನೂ ನೋಡಿಲ್ಲ, ನೋಡಿದ ಮೇಲೆ ಬರೆಯುತ್ತೇನೆ.

ಆಕಾಶ ತಿಳಿಯಾದಾಗ ದೂರದಲ್ಲಿ ಮಲೆ ಕಾಣಿಸುತ್ತದೆ. ತುದಿಯೆಲ್ಲ ಬೆಳ್ಳಗಿದೆ. ಯಾತೋನ್ ಅದನ್ನು ಉಪ್ಪು ಎಂದ.

“ಉಪ್ಪೇ ಕಣೋ. ವಾಪಸ್ ಬರ‍್ತಾ ನಮ್ಮಮ್ಮನಿಗೆ ಒಂದು ಮೂಟೆ ತಗೊಂಡು ಹೋಗ್ತೀನಿ.”

“ಅಷ್ಟು ಎತ್ತರಕ್ಕೆ ಸಮುದ್ರ ಹೆಂಗೋ ಹತ್ತುತ್ತೆ?” ಎಂದೆ.

“ಆನೆ ಹತ್ತೋದಾದ್ರೆ ಸಮುದ್ರ ಯಾಕೆ ಹತ್ತಬಾರದು?”

ದಾರಿ ತೋರಿಸುವ ಗಾಲ್ ಜನಾಂಗದವನು ನಮ್ಮ ಮಾತು ಕೇಳಿ ನಕ್ಕು ನಕ್ಕು ಕೆಳಗೆ ಕೂತ. ಅದು ಗಟ್ಟಿಯಾದ ಮಳೆಯಂತೆ. ಮುಟ್ಟಿದರೆ ಸುಡುತ್ತದಂತೆ. ಅವನು ನಮ್ಮನ್ನು ಆಡಿಕೊಳ್ಳುತ್ತಿದ್ದಾನೋ ಏನೋ.

ಜಾಡಿಗಳು ಚೆನ್ನಾಗಿವೆ ಎಂದು ಅಪ್ಪನಿಗೆ ಹೇಳು. ದಾರಿಯಲ್ಲಿ ಸ್ವಲ್ಪ ರಸ ಖರ್ಚಾಗಿದೆ. ಮಲೆ ಹತ್ತುವ ಮೊದಲು ಅರ್ಧಂಬರ್ಧ ಇರುವುದನ್ನೆಲ್ಲ ಒಂದಕ್ಕೊಂದು ಸುರಿದು, ತುಂಬಿದ ಜಾಡಿ ಬೇರೆ, ಖಾಲಿ ಜಾಡಿ ಬೇರೆ ಮಾಡಿಡುತ್ತೇನೆ. ನನ್ನ ಹೆಬ್ಬೆರಳಿಗೆ ಹುಳಿ ವಾಸನೆ ಅಂಟಿಬಿಟ್ಟಿದೆ.

ಟೊಪ್ಪಿಗೆ ಕೊಟ್ಟೆ. ನಿನ್ನ ಮಾತನ್ನೂ ಹೇಳಿದೆ.

ಅಣ್ಣ,
ಮುತ್ತುನ್


ಮಲೆಯ ಆಚೆ, ಪೋ ನದಿಯ ಬಯಲು
ಬೂಲ್ ತಿಂಗಳ ಕೊನೆಯ ದಿನ

ಅಪ್ಪನಿಗೆ,

ನಾನು ಬದುಕಿದ್ದೇನೆ. ಪತ್ರವನ್ನು ಅಕ್ಬೋರಾತ್ ಓದಿ ಹೇಳುತ್ತಾಳೆ.

ಮಲೆಯ ನೆತ್ತಿ ದಾಟಿ ಇಳಿಯುವಾಗ ಒಂದು ಕಡೆ ದಾರಿ ಕುಸಿದುಹೋಗಿತ್ತು. ಒಂದು ಕಡೆ ಪ್ರಪಾತ, ಒಂದು ಕಡೆ ಬಂಡೆ. ಆನೆ, ಕುದುರೆ, ಇಡೀ ಸೈನ್ಯ ಹಿಮದ ಮೇಲೆ ನಿಂತುಬಿಟ್ಟಿತು. ಬಂಡೆ ಕಡಿದರೆ ಮಾತ್ರ ದಾರಿ. ಇದ್ದಬದ್ದ ಮರವೆಲ್ಲ ತಂದು ಬೆಳಗಿನಿಂದ ಬೆಂಕಿ ಹಾಕಿದೆವು. ಬಂಡೆ ಕೆಂಪಾಯಿತು. ನಮ್ಮ ತಂಡದ ಮುಖ್ಯಸ್ಥ ಬೊಸ್ತಾರ್ ಹುಳಿರಸ ತರಲು ಕೂಗಿದ. ನಾನು ಓಡಿಹೋಗಿ ಜಾಡಿಗಳ ಮೇಲೆ ಹೊದಿಸಿದ್ದ ಹುಲ್ಲು ಸರಿಸಿದೆ.

ತುಂಬಿದ ಜಾಡಿಗಳೆಲ್ಲ ಬಿರಿದಿದ್ದವು. ಒಂದೇ ರಾತ್ರಿಯಲ್ಲಿ. ಎತ್ತಿದರೆ ಹಿಡಿ ಮಾತ್ರ ಕೈಗೆ ಬಂತು. ರಸ ಹುಲ್ಲಿಗೆ, ಹಿಮಕ್ಕೆ ಸೋರಿಹೋಗಿತ್ತು. ಉಳಿದಿದ್ದನ್ನು ಬಾಯಾರಿದ ಸೈನಿಕರು ನುಗ್ಗಿ ಕಿತ್ತುಕೊಂಡರು.

ಬೊಸ್ತಾರ್ ಒಂದು ಹೋಳು ಎತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ, “ಈ ಮೀನು ಯಾರದ್ದು?” ಎಂದ.

“ನಮ್ಮಪ್ಪನದು” ಎಂದೆ.

“ನಿಮ್ಮಪ್ಪ ಇದನ್ನ ಬೆಂಕೀಲಿ ಸುಟ್ಟನೋ, ಬಿಸಿಲಲ್ಲಿ ಒಣಗಿಸಿದನೋ?”

ನಾನು ಉಳಿ ಎತ್ತಿಕೊಂಡು ಬಂಡೆಯ ಕಡೆ ನಡೆದೆ.

ಬಂಡೆ ಆರಿತು. ಉಳಿಯಿಂದ ಕಡಿದೆವು. ಒಂದು ದಿನದಲ್ಲಿ ಆಗಬೇಕಾದದ್ದು ಮೂರು ದಿನವಾಯಿತು. ಆ ಎರಡು ಹೆಚ್ಚಿನ ದಿನಗಳಲ್ಲಿ ಮಲಗಿದವರು ಬಹಳ ಜನ ಏಳಲಿಲ್ಲ. ಎರಡನೆಯ ಬೆಳಿಗ್ಗೆ ಯಾತೋನ್ ಏಳಲಿಲ್ಲ. ಅವನ ತಾಯಿಗೆ ನೀವೇ ಹೇಳಬೇಕು.

ಅಪ್ಪ, ಆ ಜಾಡಿಗಳನ್ನು ಎಷ್ಟು ದಿನ ಸುಟ್ಟೆ?

ಮುತ್ತುನ್


ಕಾರ್ತೇಜ್
ಜಿವ್ ತಿಂಗಳ ಒಂಬತ್ತನೆಯ ದಿನ

ಅಣ್ಣನಿಗೆ,

ಚಳಿಗಾಲವಿಡೀ ಹಡಗಿರಲಿಲ್ಲ. ನಿನ್ನ ಪತ್ರ ಬಂದು ಹತ್ತು ದಿನವಾಯಿತು.

ಅಪ್ಪನಿಗೆ ಪೂರ್ತಿ ಓದಿದೆ. ಕೊನೆಯ ಸಾಲು ಬಿಡೋಣ ಎಂದುಕೊಂಡಿದ್ದೆ. ಆದರೆ ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಬಿಡಲಾಗಲಿಲ್ಲ. ಕೇಳಿದವನು ಎದ್ದು ಕೈ ತೊಳೆದುಕೊಂಡ. ಮಣ್ಣು ತಿರುಗಿಸುವ ತಿಗರಿಯ ಮೇಲೆ ಗೋಣಿತಟ್ಟು ಹೊದಿಸಿದ. ಅಂದಿನಿಂದ ಅದನ್ನು ತೆಗೆದಿಲ್ಲ. ಹದ ಮಾಡಿಟ್ಟ ಮಣ್ಣು ತೊಟ್ಟಿಯಲ್ಲೇ ಒಣಗಿ ಬಿರುಕು ಬಿಟ್ಟಿದೆ. ನಾನು ನೀರು ಚಿಮುಕಿಸಲು ಹೋದರೆ, “ಬಿಡು” ಎನ್ನುತ್ತಾನೆ. ಬೇಡಿಕೆ ಇಟ್ಟವರಿಗೆ ಪಕ್ಕದ ಬೀದಿಯ ಕುಂಬಾರನ ಮನೆ ತೋರಿಸುತ್ತಾನೆ.

ಬತ್‌ನೋಮ್ ಅತ್ತೆಗೆ ನಾನೇ ಹೋಗಿ ಹೇಳಿದೆ. ಜಾಡಿಯ ವಿಷಯ ಹೇಳಲಿಲ್ಲ, ಚಳಿ ಎಂದೆ. ಅವಳು ಬಲೆ ನೇಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ ನೋಡಿದರೆ ಆ ಬಲೆಯಲ್ಲಿ ಒಂದು ಗಂಟೂ ನಿಂತಿರಲಿಲ್ಲ. ಅಪ್ಪ ಅವಳ ಬಾಗಿಲ ಮುಂದೆ ಹಾಯುವುದಿಲ್ಲ. ಬಂದರಿಗೆ ಹೋಗಬೇಕಾದರೆ ಹಿತ್ತಿಲಿನಿಂದ ಹೊರಟು ಊರು ಸುತ್ತಿ ಹೋಗುತ್ತಾನೆ. ತನ್ನ ಜಾಡಿಯಿಂದ ಅವಳ ಮಗ ಸತ್ತ ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹೀಗೇ ಆದರೆ ಅಪ್ಪನೂ ನಮಗೆ ಉಳಿಯುವುದಿಲ್ಲ, ಅಣ್ಣ.

ನನಗೆ ಒಂದು ಅರ್ಥವಾಗುತ್ತಿಲ್ಲ. ಬೇಯದ ಜಾಡಿ ಸೋರುತ್ತದೆ, ತೇವ ಹೀರಿ ಮೆತ್ತಗಾಗುತ್ತದೆ, ತಾಗಿದ ಕಡೆ ಮುಕ್ಕಾಗುತ್ತದೆ. ಅದು ಹಡಗಿನಲ್ಲಿ, ನದಿಯಲ್ಲಿ, ಹೇಸರಗತ್ತೆಯ ಬೆನ್ನಿನ ಮೇಲೆ ಅಷ್ಟು ತಿಂಗಳು ಸುಮ್ಮನಿದ್ದು ಒಂದೇ ರಾತ್ರಿ ಎಲ್ಲ ಸೇರಿ ಒಡೆಯುವುದು ಹೇಗೆ? ನೀನು ಕೋಪದಲ್ಲಿ ಬರೆದೆ. ಈಗ ಕೋಪ ಬಿಟ್ಟು ನೆನಪು ಮಾಡಿಕೊ. ಬಿರುಕು ಕತ್ತಿನಲ್ಲಿತ್ತೋ ಹೊಟ್ಟೆಯಲ್ಲೋ? ಅಡ್ಡಕ್ಕೋ ಉದ್ದಕ್ಕೋ? ತುಂಬಿದ ಜಾಡಿಗಳು ಎಂದು ಬರೆದಿದ್ದೀಯ, ಖಾಲಿಯವು ಏನಾದವು? ಒಡೆದ ಅಂಚಿನ ಬಣ್ಣ ಯಾವುದಿತ್ತು? ಬೇಯದಿದ್ದರೆ ನಡುವೆ ಕಪ್ಪು ಗೆರೆ ಇರುತ್ತದೆ, ನಿನಗೂ ಗೊತ್ತು. ನೋಡಿದೆಯಾ, ಇಲ್ಲಾ ನೋಡದೆಯೇ ಅಪ್ಪನನ್ನು ಕೇಳಿದೆಯಾ?

ಯಾತೋನ್ ಆ ಟೊಪ್ಪಿಗೆ ಹಾಕಿಕೊಂಡಿದ್ದನಾ?

ನಿನ್ನ ತಂಗಿ,
ಅಕ್ಬೋರಾತ್


ಇಟಲಿ, ಪೂರ್ವ ಸಮುದ್ರದ ದಡ
ಕರಾರ್ ತಿಂಗಳ ಹದಿಮೂರನೆಯ ದಿನ

ಅಕ್ಬೋರಾತ್‌ಗೆ,

ಸಮುದ್ರ ಕಂಡು ಒಂದು ವರ್ಷದ ಮೇಲಾಗಿತ್ತು. ಇಲ್ಲಿಂದ ನಮ್ಮ ಊರಿಗೆ ಹಡಗು ಹೊರಟಿದೆ. ಅದಕ್ಕೇ ಇಷ್ಟು ಬೇಗ ಉತ್ತರ.

ಇಲ್ಲಿ ದ್ರಾಕ್ಷಾರಸ ಎಷ್ಟಿದೆಯೆಂದರೆ ಹುಣ್ಣಾದ ಕುದುರೆಗಳಿಗೆ ಅದರಲ್ಲೇ ಸ್ನಾನ ಮಾಡಿಸುತ್ತಿದ್ದೇವೆ. ಅದನ್ನು ನೋಡಿದಾಗಲೆಲ್ಲ ಆ ಬಂಡೆ ನೆನಪಾಗುತ್ತದೆ. ಆನೆ ಒಂದೇ ಉಳಿದಿದೆ. ನೀನು ಕೇಳಿದ್ದೆಯಲ್ಲ: ಆನೆ ಇಳಿಜಾರಿನಲ್ಲಿ ಹಿಂದಿನ ಕಾಲು ಮಡಚಿ, ಹೊಟ್ಟೆ ನೆಲಕ್ಕೆ ಉಜ್ಜುತ್ತ, ಮುಂದಿನ ಕಾಲುಗಳನ್ನು ಕೋಲಿನಂತೆ ಊರಿಕೊಂಡು ಇಳಿಯುತ್ತದೆ. ಸೊಂಡಿಲಿನಿಂದ ಮುಂದಿನ ನೆಲ ತಟ್ಟಿ ನೋಡುತ್ತದೆ. ನಿನ್ನ ಹಾಗೇ, ತಟ್ಟಿ ನೋಡದೆ ಒಂದು ಹೆಜ್ಜೆ ಇಡುವುದಿಲ್ಲ.

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಹಿಮದಲ್ಲಿ ನಿಂತವನು ನಾನು, ಪ್ರಶ್ನೆ ಕೇಳುವವಳು ನೀನು. ಆದರೂ ಕೂತು ನೆನಪು ಮಾಡಿಕೊಂಡೆ.

ಬಿರುಕು ಹೊಟ್ಟೆಯಲ್ಲಿತ್ತು, ಮೇಲಿನಿಂದ ಕೆಳಗೆ ಉದ್ದಕ್ಕೆ. ಒಳಗಿನಿಂದ ಯಾರೋ ತಳ್ಳಿದಂತೆ ಹೋಳುಗಳು ಹೊರಗೆ ಬಾಗಿದ್ದವು. ಖಾಲಿ ಜಾಡಿಗಳಿಗೆ ಏನೂ ಆಗಿರಲಿಲ್ಲ. ಅದೇ ಹುಲ್ಲಿನಲ್ಲಿ, ಅದೇ ಚಳಿಯಲ್ಲಿ ಇದ್ದವು. ಅವುಗಳಲ್ಲಿ ಒಂದು ಈಗಲೂ ನನ್ನ ಹತ್ತಿರ ಇದೆ, ಕಡಲೆ ತುಂಬಿಸಿಟ್ಟುಕೊಂಡಿದ್ದೇನೆ. ಅಂಚಿನ ಬಣ್ಣ ಹೆಚ್ಚಿನವುಗಳಲ್ಲಿ ಪೂರ್ತಿ ಕೆಂಪು. ಕೆಲವುಗಳಲ್ಲಿ ಕಪ್ಪು ಗೆರೆ ಇತ್ತು. ಇತ್ತು ಅಕ್ಬೋರಾತ್, ನಾನು ನೋಡಿದೆ. ಇದನ್ನು ಅಪ್ಪನಿಗೆ ಓದುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಇನ್ನೊಂದು. ಒಡೆದ ಜಾಡಿಗಳೊಳಗೆ ರಸ ಕೆಂಪು ಕಲ್ಲಿನಂತೆ ಗಟ್ಟಿಯಾಗಿತ್ತು. ಕೆಲವು ಕಡೆ ಜಾಡಿ ಬಿದ್ದುಹೋಗಿ, ರಸವೇ ಜಾಡಿಯ ಆಕಾರದಲ್ಲಿ ನಿಂತಿತ್ತು. ಬೆಂಕಿಯ ಹತ್ತಿರ ಇದ್ದವು ಸೋರಿಹೋಗಿದ್ದವು. ಗಟ್ಟಿಯಾಗಿದ್ದುದನ್ನು ಸೈನಿಕರು ಎತ್ತಿಕೊಂಡು ಚೀಪಿದರು. ಆದರೆ ರಸ ಗಟ್ಟಿಯಾದದ್ದಕ್ಕೂ ಜಾಡಿ ಒಡೆದದ್ದಕ್ಕೂ ಏನು ಸಂಬಂಧ? ಗಟ್ಟಿಯಾದದ್ದು ಕುಗ್ಗುತ್ತದೆ. ಮಣ್ಣು ಒಣಗಿದರೆ ಕುಗ್ಗುತ್ತದೆ, ಸುಟ್ಟರೆ ಇನ್ನೂ ಕುಗ್ಗುತ್ತದೆ. ಸೀಸ ಆರಿದರೆ ಕುಗ್ಗುತ್ತದೆ, ಮೇಣವೂ ಅಷ್ಟೇ. ಕುಗ್ಗಿದ್ದು ಜಾಡಿಯಿಂದ ಬಿಟ್ಟುಕೊಳ್ಳಬೇಕೇ ಹೊರತು ಜಾಡಿಯನ್ನು ಒಡೆಯುವುದಿಲ್ಲ. ಕುಂಬಾರನ ಮಗಳಿಗೆ ಇದನ್ನು ನಾನು ಹೇಳಿಕೊಡಬೇಕಾ?

ಯಾತೋನ್ ಟೊಪ್ಪಿಗೆ ಹಾಕಿಕೊಂಡಿದ್ದ. ಕಿವಿಯ ಮೇಲೆ ಎಳೆದುಕೊಂಡು, ನನ್ನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದ. ನೀನು ಏನೂ ಕಳಿಸಿಲ್ಲ ಎಂದು ನದಿಯ ದಡದಲ್ಲಿ ಹೇಳಿದಾಗ, “ಇನ್ನೊಂದ್ಸಲ ಹೇಳು, ಹೆಂಗೆ ಅಂದ್ಳು?” ಎಂದು ಮೂರು ಸಲ ಹೇಳಿಸಿಕೊಂಡ.

ಅಣ್ಣ,
ಮುತ್ತುನ್


ಕಾರ್ತೇಜ್
ಎತನೀಮ್ ತಿಂಗಳ ಎರಡನೆಯ ದಿನ

ಅಣ್ಣನಿಗೆ,

ನಿನ್ನ ಪತ್ರದ ಕೊನೆಯ ಸಾಲುಗಳನ್ನು ನಾನು ಯಾರಿಗೂ ಓದಿಲ್ಲ. ಉಳಿದದ್ದನ್ನೆಲ್ಲ ಅಪ್ಪನಿಗೆ ಓದಿದೆ. ಕಪ್ಪು ಗೆರೆಯನ್ನೂ ಓದಿದೆ. ಅವನು ತಲೆ ಆಡಿಸಿದ, ಅಷ್ಟೇ.

ನೀನು ಹೇಳಿದ್ದನ್ನು ನಾನು ನಂಬಬಹುದಿತ್ತು. ಆದರೂ ಮಾಡಿ ನೋಡಿದೆ. ಒಂದು ಬಟ್ಟಲಿಗೆ ಕಾಯಿಸಿದ ಮೇಣವನ್ನು ಅಂಚಿನವರೆಗೆ ಹೊಯ್ದೆ. ಆರಿದ ಮೇಲೆ ನಡುವೆ ಗುಳಿ ಬಿದ್ದಿತ್ತು. ಬತ್‌ನೋಮ್ ಅತ್ತೆಯ ಹತ್ತಿರ ಬಲೆಗೆ ಕಟ್ಟುವ ಸೀಸದ ಗುಂಡು ಕೇಳಿ ತಂದು ಕರಗಿಸಿದೆ. ಅದಕ್ಕೂ ಗುಳಿ. ನೀನು ಹೇಳಿದ್ದೇ ಸರಿ, ಗಟ್ಟಿಯಾದದ್ದೆಲ್ಲ ಕುಗ್ಗುತ್ತದೆ. ಗುಂಡು ವಾಪಸ್ ಕೊಡಲು ಹೋದಾಗ ಅತ್ತೆ ಕೇಳಿದಳು, “ನಿಮ್ಮಪ್ಪ ನನ್ನ ಬಾಗಿಲು ತಪ್ಪಿಸಿ ಓಡಾಡ್ತಾನಲ್ಲ ಯಾಕೇ? ನನ್ನ ಮುಖದಲ್ಲಿ ಏನಿದೆ?” ನಾನು ಗುಂಡು ಕೆಳಗಿಟ್ಟು ಓಡಿಬಂದೆ.

ಆಮೇಲೆ ನೆನಪಾಯಿತು. ಗಟ್ಟಿಯಾಗುವ ನೀರನ್ನು ನಾನೂ ನೋಡಿಲ್ಲ, ಅಪ್ಪನೂ ನೋಡಿಲ್ಲ, ನೀನು ನೋಡಿದ್ದೂ ಒಂದೇ ಬಾರಿ. ಹುಟ್ಟಿನಿಂದ ನೋಡಿದವರನ್ನು ಕೇಳಬೇಕು. ಬಂದರಿನಲ್ಲಿ ಮೀನಿಗೆ ಉಪ್ಪು ಹಾಕುವ ಬ್ರಿಗಾ ಇದ್ದಾಳಲ್ಲ, ಕೂಲಿ ಸೈನಿಕನ ಹೆಂಡತಿಯಾಗಿ ಆ ಮಲೆಗಳ ಕಡೆಯಿಂದ ಬಂದವಳು, ಅವಳ ಹತ್ತಿರ ಹೋದೆ. ನಮ್ಮ ಜಾಡಿಯ ಕತೆ ಹೇಳಿದೆ. ಅವಳು ಮೀನಿನ ಚಾಕು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು.

“ಎಷ್ಟು ತುಂಬಿಸಿದ್ರಿ?”

“ಹೆಬ್ಬೆರಳು ನೆನೆಯೋ ಅಷ್ಟು.”

“ಕತ್ತಿನ ತನಕ? ಚಳಿಗಾಲದಲ್ಲಿ?” ಅವಳಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಹುಡುಗಿ! ನಮ್ಮೂರಲ್ಲಿ ಹಾಗೆ ತುಂಬಿಸಿದ್ರೆ ಅತ್ತೆ ಸೊಸೆಗೆ ಸೌಟಲ್ಲಿ ಬಾರಿಸ್ತಾಳೆ. ನಾಲ್ಕು ಬೆರಳು ಜಾಗ ಬಿಡಬೇಕು. ನೀರು ಗಟ್ಟಿ ಆಗ್ತಾ ಹಿಗ್ಗುತ್ತೆ. ಎದ್ದು ನಿಲ್ಲುತ್ತೆ. ಜಾಗ ಇಲ್ದಿದ್ರೆ ಒದ್ದುಕೊಂಡು ಬರುತ್ತೆ.”

“ಹಿಗ್ಗುತ್ತಾ? ಕುಗ್ಗಲ್ವಾ?”

“ಯಾಕೆ ಕುಗ್ಗುತ್ತೆ? ಅದೇನು ಮುದುಕಿನಾ?”

ಓಡಿ ಬಂದು ಅಪ್ಪನಿಗೆ ಹೇಳಿದೆ. ಆರು ತಿಂಗಳಲ್ಲಿ ಮೊದಲ ಸಲ ಅವನು ಒಂದು ಉದ್ದದ ಮಾತಾಡಿದ. “ಅರವತ್ತು ವರ್ಷದಿಂದ ಮಣ್ಣು, ನೀರು, ಬೆಂಕಿ ನೋಡ್ತಿದೀನಿ. ಗಟ್ಟಿ ಆಗ್ತಾ ದೊಡ್ಡದಾಗೋ ವಸ್ತು ಒಂದೂ ನೋಡಿಲ್ಲ. ನನಗೆ ಸಮಾಧಾನ ಆಗ್ಲಿ ಅಂತ ಆ ಹೆಂಗಸು ಹೇಳಿದ್ದನ್ನ ನೀನು ಹೊತ್ಕೊಂಡು ಬಂದಿದೀಯ.” ಗೋಣಿತಟ್ಟು ತೆಗೆಯಲಿಲ್ಲ.

ಅಣ್ಣ, ಇಲ್ಲಿ ನೀರು ಗಟ್ಟಿಯಾಗುವುದಿಲ್ಲ. ಅಲ್ಲಿ ಚಳಿಗಾಲ ಬರುತ್ತದೆ. ನೀನೇ ಮಾಡಿ ನೋಡಬೇಕು. ರೋಮಿನವರ ಒಳ್ಳೆಯ, ದಪ್ಪನೆಯ ಜಾಡಿ ಹುಡುಕು. ಚೆನ್ನಾಗಿ ಬೆಂದದ್ದು ಎಂದು ಬಡಿದು ನೋಡು, ಗಂಟೆಯಂತೆ ಸದ್ದು ಬರಬೇಕು. ಒಂದನ್ನು ಹೆಬ್ಬೆರಳು ನೆನೆಯುವಷ್ಟು ತುಂಬಿಸು, ಇನ್ನೊಂದಕ್ಕೆ ನಾಲ್ಕು ಬೆರಳು ಜಾಗ ಬಿಡು. ಅಪ್ಪನ ಜಾಡಿಯನ್ನೂ ಅವುಗಳ ಪಕ್ಕ ಇಡು. ಅದಕ್ಕೆ ಕರುಣೆ ತೋರಿಸಬೇಡ. ತೋರಿಸಿದರೆ ಅಪ್ಪನಿಗೆ ಗೊತ್ತಾಗುತ್ತದೆ.

ನಿನ್ನ ತಂಗಿ,
ಅಕ್ಬೋರಾತ್


ಇಟಲಿ, ಗುಡ್ಡದ ಮೇಲಿನ ಚಳಿಗಾಲದ ಬಿಡಾರ
ಮರ್ಪೆ ತಿಂಗಳ ಏಳನೆಯ ದಿನ

ಅಕ್ಬೋರಾತ್‌ಗೆ, ಅಪ್ಪನಿಗೂ,

ನಿಮ್ಮ ಪತ್ರ ಎರಡು ತಿಂಗಳು ನನ್ನ ಚೀಲದಲ್ಲಿ ಚಳಿಗಾಗಿ ಕಾಯಿತು. ರೋಮಿನವರ ಉಗ್ರಾಣದಿಂದ ಎರಡು ಜಾಡಿ ತಂದೆ. ಗೋಡೆ ನನ್ನ ಬೆರಳಿನಷ್ಟು ದಪ್ಪ, ಬಡಿದರೆ ಗಂಟೆಯೇ. ಈ ಊರಿನ ಕುಂಬಾರನದೊಂದು ಒರಟು ಜಾಡಿ. ಕಡಲೆ ಸುರಿದು ಅಪ್ಪನ ಜಾಡಿ ಖಾಲಿ ಮಾಡಿದೆ. ನಾಲ್ಕಕ್ಕೂ ಹುಳಿರಸ ಹಾಕಿ ಬಿಡಾರದ ಹಿಂದೆ ಸಾಲಾಗಿ ನಿಲ್ಲಿಸಿದೆ. ಬೊಸ್ತಾರ್ ದಿನಾ ಬಂದು ಚುಚ್ಚುತ್ತಿದ್ದ: “ಏನಯ್ಯಾ ಮುತ್ತುನ್, ದೇವರಿಟ್ಟಿದೀಯಾ? ನಮಗೂ ಒಂದಿಷ್ಟು ಪ್ರಸಾದ ಕೊಡು.”

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ಬೆಳಿಗ್ಗೆ ಕುದುರೆಯ ತೊಟ್ಟಿಯ ನೀರಿನ ಮೇಲೆ ಕುದುರೆಯೇ ಕಾಲಿಟ್ಟರೂ ಒಡೆಯದಂಥ ಪೊರೆ. ಓಡಿಹೋದೆ. ತುಂಬಿಸಿದ್ದ ರೋಮಿನ ಜಾಡಿ ಹೊಟ್ಟೆಯ ಉದ್ದಕ್ಕೂ ಬಿರಿದಿತ್ತು. ಊರಿನ ಒರಟು ಜಾಡಿಯನ್ನೂ ತುಂಬಿಸಿದ್ದೆ, ಅದೂ ಬಿರಿದಿತ್ತು. ಜಾಗ ಬಿಟ್ಟ ಇನ್ನೊಂದು ರೋಮಿನ ಜಾಡಿ ಹಾಗೇ ಇತ್ತು. ಅದರೊಳಗೆ ರಸ ಮೇಲೆದ್ದು ಕತ್ತಿನ ಹತ್ತಿರ ಬಂದು ನಿಂತಿತ್ತು. ಹಿಂದಿನ ಸಂಜೆ ಒಳಗೆ ಮಸಿಯಿಂದ ಗೆರೆ ಹಾಕಿದ್ದೆ. ಗೆರೆಯನ್ನು ದಾಟಿ ಬಂದಿತ್ತು, ಅಪ್ಪ. ಹಿಗ್ಗುತ್ತದೆ. ನನ್ನ ಕಣ್ಣಿನಿಂದ ನೋಡಿದೆ.

ಅಪ್ಪನ ಜಾಡಿಗೆ ಮೊದಲ ದಿನ ಕರುಣೆ ತೋರಿಸಿದೆ, ಅಕ್ಬೋರಾತ್, ಬಯ್ಯಬೇಡ. ಜಾಗ ಬಿಟ್ಟಿದ್ದೆ. ಮನೆಯಿಂದ ಬಂದದ್ದು ನನ್ನ ಹತ್ತಿರ ಅದೊಂದೇ ಉಳಿದಿತ್ತು. ಅದು ಒಡೆಯದೆ ನಿಂತಿತ್ತು. ಆಮೇಲೆ ನಿನ್ನ ಮಾತು ನೆನಪಾಗಿ, ಒಳಗಿನ ರಸ ಕರಗಿಸಿ ಹೆಬ್ಬೆರಳು ನೆನೆಯುವವರೆಗೆ ತುಂಬಿಸಿದೆ. ಮರುದಿನ ಬೆಳಿಗ್ಗೆ ಬಿರಿದಿತ್ತು. ಮಲೆಯ ಮೇಲೆ ನೋಡಿದ ಅದೇ ಬಿರುಕು. ಅಂಚು ಪೂರ್ತಿ ಕೆಂಪಾಗಿತ್ತು, ಗೆರೆ ಇರಲಿಲ್ಲ.

ಬೊಸ್ತಾರ್ ಕೂತು ರೋಮಿನ ಜಾಡಿಯ ಹೋಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. “ನಿಮ್ಮಪ್ಪನಿಗೆ ಬರೀತೀಯಲ್ಲ?” ಎಂದ. “ಬರೀತೀನಿ” ಎಂದೆ. “ಬಿಸಿಲಲ್ಲಿ ಒಣಗಿಸಿದನಾ ಅಂತ ಕೇಳಿದ್ದೆ. ಆ ಮಾತನ್ನ ನಾನು ವಾಪಸ್ ತಗೊಂಡೆ ಅಂತ ಬರಿ.”

ಬರೆದಿದ್ದೇನೆ. ಈಗ ನನ್ನದು.

ಮಲೆಯ ಬುಡದಲ್ಲಿ ಆ ಜಾಡಿಗಳಲ್ಲಿ ಹೆಚ್ಚಿನವು ಅರ್ಧ, ಮುಕ್ಕಾಲು ಆಗಿದ್ದವು. ಹಾಗೇ ಬಿಟ್ಟಿದ್ದರೆ ಅವು ಒಡೆಯುತ್ತಿರಲಿಲ್ಲ. ರಸ ಕರಗಿಸಿ ಸುರಿದಿದ್ದರೆ ಬಂಡೆ ಒಂದು ದಿನದಲ್ಲಿ ಬಿರಿಯುತ್ತಿತ್ತು. ನಾನು ಒಂದು ಸಂಜೆಯಿಡೀ ಕೂತು ಒಂದರಿಂದ ಇನ್ನೊಂದಕ್ಕೆ ಸುರಿದೆ. ಪ್ರತಿ ಜಾಡಿಗೂ ಹೆಬ್ಬೆರಳು ಇಟ್ಟು ನೋಡಿದೆ. ಯಾತೋನ್ ಪಕ್ಕದಲ್ಲಿ ನಿಂತು ರಾಳ ಹಚ್ಚಿದ. “ಸಾಕು ಬಿಡೋ, ಒಂದು ಬೆರಳು ಕಮ್ಮಿ ಆದ್ರೆ ಏನಾಗುತ್ತೆ?” ಎಂದ. “ನಮ್ಮಪ್ಪನ ಮುದ್ರೆ ಇದೆ” ಎಂದೆ.

ಇದನ್ನು ಅಪ್ಪನಿಗೆ ಓದು. ಬತ್‌ನೋಮ್ ಅತ್ತೆಗೂ ಓದು. ನಾನು ಊರಿಗೆ ಬಂದು ಹೇಳಬೇಕಾದದ್ದು. ಆದರೆ ಬರುತ್ತೇನೋ ಇಲ್ಲವೋ ಗೊತ್ತಿಲ್ಲ.

ನಿಮ್ಮ,
ಮುತ್ತುನ್


ಕಾರ್ತೇಜ್, ಕುಂಬಾರರ ಬೀದಿ
ಹಿಯಾರ್ ತಿಂಗಳ ಮೊದಲ ದಿನ

ಮಗ ಮುತ್ತುನ್‌ಗೆ, ಅಪ್ಪ ಹೇಳಿ ಬರೆಸುವುದು.

ನಿನ್ನ ಪತ್ರವನ್ನು ನಿನ್ನ ತಂಗಿ ನನಗೆ ನಾಲ್ಕು ಸಲ ಓದಿದಳು. ಮಸಿಯ ಗೆರೆಯ ಭಾಗವನ್ನು ಇನ್ನೂ ಹೆಚ್ಚು ಸಲ.

ನೀನು ಒಂದು ಪ್ರಶ್ನೆ ಕೇಳಿದ್ದೆ. ಒಂದೂವರೆ ವರ್ಷ ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಮೊದಲ ನಾಲ್ಕು ಆವಿಗೆ ಮೂರು ದಿನ ಸುಟ್ಟೆ. ಐದನೆಯದನ್ನು ಎರಡು ದಿನಕ್ಕೆ ತೆರೆದೆ. ಹಡಗು ಹೊರಡುತ್ತದೆ ಎಂದು ಸೈನ್ಯದವರು ಬಾಗಿಲಲ್ಲಿ ನಿಂತಿದ್ದರು. ಅಕ್ಬೋರಾತ್‌ಳನ್ನು ಎಬ್ಬಿಸಲಿಲ್ಲ, ಅವಳು ಬೇಡ ಎನ್ನುತ್ತಿದ್ದಳು. ನೀನು ನೋಡಿದ ಕಪ್ಪು ಗೆರೆ ಆ ಆವಿಗೆಯದು. ರೋಮಿನವನ ಜಾಡಿಯೂ ಒಡೆಯಿತು ಎಂದು ಬರೆದಿದ್ದೀಯ. ಹಾಗಾದರೆ ಮೂರು ದಿನ ಸುಟ್ಟಿದ್ದರೂ ಒಡೆಯುತ್ತಿತ್ತು. ಆದರೆ ಆವಿಗೆಯ ಬಾಯಿ ತೆರೆಯುವಾಗ ನನಗೆ ಅದು ಗೊತ್ತಿರಲಿಲ್ಲ. ಆದ್ದರಿಂದ ಆ ತಪ್ಪು ನನ್ನದೇ. ನೀನು ಹೊರಬೇಡ.

ಹೆಬ್ಬೆರಳನ್ನೂ ನೀನು ಹೊರಬೇಡ. ಅದನ್ನು ನಿನಗೆ ಕಲಿಸಿದವನು ನಾನು. ನನಗೆ ಕಲಿಸಿದವನು ನನ್ನಪ್ಪ. ನಮ್ಮಲ್ಲಿ ಯಾರೂ ಸುಳ್ಳು ಕಲಿಸಲಿಲ್ಲ. ನಾವು ಬಿಸಿಲಿನ ಜನ, ಅಷ್ಟೇ.

ನಿನ್ನೆ ಬೆಳಿಗ್ಗೆ ಎದುರುಮನೆಗೆ ಹೋದೆ. ಬತ್‌ನೋಮ್ ಬಾಗಿಲಲ್ಲೇ ಕೂತಿದ್ದಳು. ಎಲ್ಲ ಹೇಳಿದೆ. ಆವಿಗೆಯ ವಿಷಯ, ಹೆಬ್ಬೆರಳಿನ ವಿಷಯ, ನೀರಿನ ವಿಷಯ. ನಡುವೆ ಮಾತು ತಪ್ಪಿದಾಗ ಅಕ್ಬೋರಾತ್ ಹೇಳಿದಳು. ಬತ್‌ನೋಮ್ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಎಲ್ಲ ಕೇಳಿ, “ಹಾಗಾದ್ರೆ ಅಷ್ಟೊಂದು ಚಳಿ ಇತ್ತಾ, ಅಬ್ದೆಶ್ಮೂನ್?” ಎಂದಳು. “ಇತ್ತಂತೆ” ಎಂದೆ. “ಜಾಡಿನೇ ತಡೀಲಿಲ್ಲ ಅಂದ್ರೆ...” ಎಂದು ನಿಲ್ಲಿಸಿದಳು. ಆಮೇಲೆ ನಿನ್ನ ತಂಗಿ ಅವಳಿಗೆ ಏನೋ ಕಿವಿಯಲ್ಲಿ ಹೇಳಿದಳು, ನಿನ್ನ ಹಿಂದಿನ ಪತ್ರದಲ್ಲಿತ್ತಂತೆ. ನನಗೆ ಅದನ್ನು ಯಾವತ್ತೂ ಓದಿರಲಿಲ್ಲ. ಇಬ್ಬರೂ ಬಹಳ ಹೊತ್ತು ಅತ್ತರು. ನಾನು ಎದ್ದು ಬಂದೆ. ನೇರ ದಾರಿಯಲ್ಲೇ ಬಂದೆ.

ಗೋಣಿತಟ್ಟು ತೆಗೆದು ತಿಗರಿ ತೊಳೆದೆ. ಅದು ತಿರುಗುವ ಅಚ್ಚಿನ ಮೊಳೆಗೆ ತುಕ್ಕು ಹಿಡಿದಿದೆ, ಎಣ್ಣೆ ಹಾಕಿದ್ದೇನೆ. ಹೊಸ ಮಣ್ಣು ನೆನೆಹಾಕಿದೆ. ನಿನಗೆ ಒಂದು ಜಾಡಿ ಮಾಡಿ ಕಳಿಸುತ್ತೇನೆ, ಮೂರು ದಿನ ಸುಟ್ಟದ್ದು. ಕಡಲೆ ತುಂಬಿಸಿಟ್ಟುಕೊ.

ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ನೀನು ನನ್ನ ಜಾಡಿಯ ರಸವನ್ನು ಕರಗಿಸಿದೆ ಎಂದು ಬರೆದಿದ್ದೀಯ. ಕರಗಿದ ಮೇಲೆ ಅದು ಎಲ್ಲಿ ನಿಂತಿತು ಎಂದು ಬರೆದಿಲ್ಲ. ನಾನು ಸುಟ್ಟದ್ದು ಯಾವತ್ತೂ ಮತ್ತೆ ಮಣ್ಣಾಗಿಲ್ಲ, ಅದಕ್ಕೇ ಕೇಳುತ್ತೇನೆ. ಹಿಗ್ಗಿ ಜಾಡಿ ಒಡೆಯುವ ನೀರು, ಕರಗಿದ ಮೇಲೆ ಮತ್ತೆ ತನ್ನ ಹಳೆಯ ಅಳತೆಗೇ ಬರುತ್ತದೆಯೇ? ಮುಂದಿನ ಚಳಿಗೆ ಗೆರೆ ಹಾಕಿ, ನೋಡಿ ಬರೆ. ನಾನು ಕಾಯುತ್ತಿರುತ್ತೇನೆ.

ಅಪ್ಪ,
ಅಬ್ದೆಶ್ಮೂನ್

ಅಪ್ಪ ಹೇಳಿದಂತೆ ಬರೆದವಳು, ಅಕ್ಬೋರಾತ್